ಮರಳಿನ ಮೇಜಿನಿಂದ ಬಿಡಿ ಹಾಸಿನವರೆಗೆ: ಫ್ಯಾಂಟಸಿ ಆಟಗಳ ರಣನೆಲದ ಚರಿತ್ರೆ

ಪೀಠಿಕೆ

ಮೇಜಿನ ಸುತ್ತ ಕುಳಿತು ಆಡುವ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಗಳ ಚರಿತ್ರೆ ಎಂದರೆ ಹೆಚ್ಚಾಗಿ ನಿಯಮಪುಸ್ತಕಗಳ ಚರಿತ್ರೆಯೇ. ಯಾವ ಆವೃತ್ತಿ ಯಾವ ವರ್ಷ ಬಂತು, ಯಾರು ಯಾರಿಂದ ಏನು ಪಡೆದರು ಎಂಬುದರ ಮೇಲೆ ಸಾಕಷ್ಟು ಬರವಣಿಗೆ ಬಂದಿದೆ. ಆಟ ನಡೆಯುವ ನೆಲ (ಟೆರೈನ್), ಅಂದರೆ ಮೇಜಿನ ಮೇಲೆ ಕಟ್ಟುವ ಗುಡ್ಡ, ಕೋಟೆ, ಸೇತುವೆ, ನೆಲಮಾಳಿಗೆಯ ಕೋಣೆ ಇತ್ಯಾದಿಗಳಿಗೆ ಆ ಬರವಣಿಗೆಯಲ್ಲಿ ಸಿಕ್ಕಿರುವ ಜಾಗ ಕಡಿಮೆ. ಸಿಕ್ಕಲ್ಲೆಲ್ಲ ಒಂದು ಸರಳ ಕ್ರಮವನ್ನು ಒಪ್ಪಿಕೊಂಡಂತಿದೆ: ಮೊದಲು ಚಪ್ಪಟೆ ನಕ್ಷೆ, ಅನಂತರ ರಟ್ಟಿನ ಹಾಸು, ಕೊನೆಗೆ ಮೂರು ಆಯಾಮದ ಮಾದರಿ.

ಈ ಕ್ರಮ ಆಧಾರಗಳಿಗೆ ಹೊಂದುವುದಿಲ್ಲ ಎಂಬುದು ಪ್ರಸ್ತುತ ಲೇಖನದ ವಾದ. ಉಬ್ಬುತಗ್ಗುಗಳುಳ್ಳ ನೆಲವೇ ಮೊದಲು ಬಂದದ್ದು. ಅದು ಎರಡು ಸಲ ಚಪ್ಪಟೆಯಾಯಿತು: ಒಮ್ಮೆ ಪ್ರಷ್ಯಾದಲ್ಲಿ, 1824ರಲ್ಲಿ, ಇನ್ನೊಮ್ಮೆ ಅಮೆರಿಕದಲ್ಲಿ, 1970ರ ದಶಕದ ಮೊದಲ ವರ್ಷಗಳಲ್ಲಿ. ಎರಡನೆಯ ಸಲ ಅದು ಚಪ್ಪಟೆಯಾಗಲು ಬಡತನವೋ ಕೌಶಲದ ಕೊರತೆಯೋ ಕಾರಣವಲ್ಲ. ಹೊಸ ಆಟ ಹುಟ್ಟಿಸಿದ ಗುಟ್ಟು ಮತ್ತು ಅಳತೆ ಎಂಬ ಎರಡು ಸಮಸ್ಯೆಗಳು ಕಾರಣ. ಇವೆರಡೂ ಬಗೆಹರಿಯುತ್ತ ಬಂದಂತೆ ಮೂರು ಆಯಾಮದ ನೆಲ ಮೇಜಿಗೆ ಮರಳಿತು.

ಪ್ರಷ್ಯಾದ ಮೇಜು

ನೆಲದ ಪ್ರತಿಕೃತಿ ಆಟಕ್ಕಿಂತ ಹಳೆಯದು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಯುದ್ಧಮಂತ್ರಿ ಲೂವ್ವಾ 1668ರಿಂದ ಗಡಿಕೋಟೆಗಳ ಮಾದರಿಗಳನ್ನು ಮಾಡಿಸತೊಡಗಿದ. ಇವುಗಳಲ್ಲಿ ಹೆಚ್ಚಿನವು 1:600ರ ಪ್ರಮಾಣದವು. ಉಳಿದವನ್ನು ಇಂದಿಗೂ ಪ್ಯಾರಿಸ್‌ನ ಅನ್ವಾಲಿಡ್‌ನಲ್ಲಿ ಕಾಣಬಹುದು. ಆದರೆ ಅವು ನೋಡಿ ಯೋಚಿಸಲು ಮಾಡಿದವು, ಆಡಲು ಅಲ್ಲ. ಇತ್ತ ಬ್ರೌನ್‌ಶ್ವೈಗ್‌ನ ಹೆಲ್‌ವಿಗ್ 1780ರಲ್ಲಿ ಪ್ರಕಟಿಸಿದ ಯುದ್ಧದ ಆಟ ಚದುರಂಗದ ವಿಸ್ತರಣೆಯಾಗಿತ್ತು. ಅದರ ಹಲಗೆಯಲ್ಲಿದ್ದ 1,617 ಚೌಕಗಳಿಗೆ ನೆಲದ ಬಗೆಗೆ ತಕ್ಕಂತೆ ಬಣ್ಣ ಬಳಿದಿತ್ತು. ಬೆಟ್ಟ ಅಲ್ಲಿ ಎತ್ತರವಾಗಿರಲಿಲ್ಲ, ಕೆಂಪಾಗಿತ್ತು.

ಈ ಎರಡು ಎಳೆಗಳನ್ನು ಕೂಡಿಸಿದವನು ಬ್ರೆಸ್ಲಾವ್‌ನ ಗೇಯೊರ್ಗ್ ಲಿಯೊಪೋಲ್ಡ್ ಫಾನ್ ರೈಸ್‌ವಿಟ್ಸ್. ಮರಳಿನ ಮೇಲೆ ಆಡುತ್ತಿದ್ದ ತನ್ನ ಆಟವನ್ನು ರಾಜನಿಗೆ ಒಪ್ಪಿಸುವ ಸಂದರ್ಭ ಬಂದಾಗ ಆತ ಮರಳನ್ನು ಕೈಬಿಟ್ಟ. 1812ರಲ್ಲಿ ಮೂರನೆಯ ಫ್ರೆಡ್ರಿಕ್ ವಿಲ್‌ಹೆಲ್ಮ್‌ನಿಗೆ ಸಂದ ಮೇಜಿನ ಮೇಲೆ ಪ್ಲಾಸ್ಟರ್‌ನಲ್ಲಿ ಎರಕ ಹೊಯ್ದು ಬಣ್ಣ ಬಳಿದ ಚೌಕ ಬಿಲ್ಲೆಗಳಿದ್ದವು. ಒಂದರಲ್ಲಿ ಹೊಳೆಯ ತಿರುವು, ಇನ್ನೊಂದರಲ್ಲಿ ಗುಡ್ಡದ ಇಳಿಜಾರು, ಮತ್ತೊಂದರಲ್ಲಿ ಊರು. ಬೇಕಾದಂತೆ ಜೋಡಿಸಿದರೆ ಬೇಕಾದ ಸೀಮೆ. ಆ ಮೇಜು ಬರ್ಲಿನ್‌ನ ಶಾರ್ಲೊಟೆನ್‌ಬುರ್ಗ್ ಅರಮನೆಯ ಸಂಗ್ರಹದಲ್ಲಿ ಉಳಿದಿದೆ. ಬಿಡಿಬಿಡಿಯಾದ, ಮರಳಿ ಜೋಡಿಸಬಹುದಾದ ಉಬ್ಬುನೆಲ ಎಂಬ ಕಲ್ಪನೆ ಇಲ್ಲಿ ಪೂರ್ಣರೂಪದಲ್ಲೇ ಇದೆ ಎಂಬುದನ್ನು ಗಮನಿಸಬೇಕು.

ಆದರೆ ಅದು ಮುಂದುವರಿಯಲಿಲ್ಲ. ಆತನ ಮಗ, ಸೇನಾಧಿಕಾರಿಯಾಗಿದ್ದ ಕಿರಿಯ ರೈಸ್‌ವಿಟ್ಸ್, 1824ರಲ್ಲಿ ಪ್ರಕಟಿಸಿದ ಪರಿಷ್ಕೃತ ಆಟವನ್ನು 1:8000 ಪ್ರಮಾಣದ ಕಾಗದದ ನಕ್ಷೆಗಳ ಮೇಲೆ ಆಡಬೇಕಿತ್ತು. ಇದರ ತರ್ಕ ಸ್ಪಷ್ಟ. ದಂಡನಾಯಕರು ಯುದ್ಧದಲ್ಲಿ ಓದುವುದು ನಕ್ಷೆಯನ್ನೇ. ಅರಮನೆಯ ಮೇಜನ್ನು ಪ್ರತಿ ರೆಜಿಮೆಂಟಿಗೂ ಒದಗಿಸುವಂತಿಲ್ಲ. ಬಿಲ್ಲೆಗಳು ಕಟ್ಟುವುದು ಊಹೆಯ ನೆಲವನ್ನು, ನಕ್ಷೆ ತೋರಿಸುವುದು ನಿಜವಾದ ನೆಲವನ್ನು. ಸೈನ್ಯ ನಕ್ಷೆಯನ್ನು ಆರಿಸಿಕೊಂಡಿತು. ಉಬ್ಬುನೆಲ ಹವ್ಯಾಸಿಗಳ ಪಾಲಿಗೆ ಉಳಿಯಿತು.

ಹವ್ಯಾಸಿಗಳ ನೆಲ

ರಾಬರ್ಟ್ ಲೂಯಿ ಸ್ಟೀವನ್‌ಸನ್ 1881–82ರ ಚಳಿಗಾಲದಲ್ಲಿ ದಾವೋಸ್‌ನಲ್ಲಿದ್ದಾಗ ಮಲಮಗನೊಂದಿಗೆ ಅಟ್ಟದ ನೆಲದ ಮೇಲೆ ಬಣ್ಣದ ಸೀಮೆಸುಣ್ಣದಿಂದ ಬೆಟ್ಟ, ನದಿ, ರಸ್ತೆಗಳನ್ನು ಬರೆದು ತವರದ ಸಿಪಾಯಿಗಳ ಯುದ್ಧ ನಡೆಸುತ್ತಿದ್ದ. ಎಚ್. ಜಿ. ವೆಲ್ಸ್ 1913ರ ‘ಲಿಟ್ಲ್ ವಾರ್ಸ್’ ಪುಸ್ತಕದಲ್ಲಿ ಇನ್ನೊಂದು ಹೆಜ್ಜೆ ಇಟ್ಟ. ರತ್ನಗಂಬಳಿಯ ಮೇಲೆ ವಿಶ್ವಕೋಶದ ಸಂಪುಟಗಳನ್ನಿಟ್ಟು ಶುರುವಾದ ಅವನ ಸೀಮೆ ಕ್ರಮೇಣ ಹಲಗೆಯ ಗುಡ್ಡ, ಮರದ ಇಟ್ಟಿಗೆಯ ಮನೆ, ರೆಂಬೆ ಸಿಕ್ಕಿಸಿದ ಕಾಡುಗಳಾಗಿ ಬೆಳೆಯಿತು.

ವೆಲ್ಸ್‌ನ ಒಂದು ನಿಯಮ ನಮ್ಮ ವಿಷಯಕ್ಕೆ ಮುಖ್ಯ. ಒಬ್ಬ ಆಟಗಾರ ಸೀಮೆಯನ್ನು ಕಟ್ಟಬೇಕು, ಇನ್ನೊಬ್ಬ ಯಾವ ಬದಿ ತನಗೆಂದು ಆರಿಸಬೇಕು. ಕಟ್ಟುವವನು ಪಕ್ಷಪಾತ ಮಾಡಿದರೆ ಅದು ಅವನಿಗೇ ತಿರುಗಬಹುದು. ಈ ನ್ಯಾಯದ ಹಿಂದೆ, ಇಡೀ ನೆಲ ಮೊದಲಿನಿಂದಲೂ ಇಬ್ಬರ ಕಣ್ಣಿಗೂ ಬಿದ್ದಿರುತ್ತದೆ ಎಂಬ ಷರತ್ತಿದೆ. ಮರಳಿನ ಮೇಜಾಗಲಿ ಹಲಗೆಯ ಗುಡ್ಡವಾಗಲಿ, ಎದುರಾಳಿಗಳ ನಡುವಿನ ಸಮಾನ ಸಾಕ್ಷಿ. ಮುಂದಿನ ಅರ್ಧ ಶತಮಾನದ ಹವ್ಯಾಸಿ ಯುದ್ಧಾಟಗಳಲ್ಲಿ ಹೆಚ್ಚಿನವು ಈ ಷರತ್ತಿನ ಮೇಲೆಯೇ ನಿಂತಿದ್ದವು.

ಗುಟ್ಟಿನ ಸಮಸ್ಯೆ

ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿ ಗ್ಯಾರಿ ಗೈಗಾಕ್ಸ್‌ನ ಮನೆಯ ನೆಲಮಾಳಿಗೆಯಲ್ಲಿ ದೊಡ್ಡ ಮರಳಿನ ಮೇಜಿತ್ತು. ಆತ ಜೆಫ್ ಪೆರೆನ್‌ನೊಂದಿಗೆ ರೂಪಿಸಿ 1971ರಲ್ಲಿ ಪ್ರಕಟಿಸಿದ ‘ಚೈನ್‌ಮೇಲ್’ ಅಂಥ ಮೇಜಿಗೆಂದೇ ಬರೆದ ಮಧ್ಯಯುಗದ ಯುದ್ಧಾಟ. ಕೊನೆಯಲ್ಲಿ ಮಾಂತ್ರಿಕರಿಗೂ ಡ್ರಾಗನ್‌ಗಳಿಗೂ ಮೀಸಲಾದ ಅನುಬಂಧವಿತ್ತು. ಅದೇ ವರ್ಷ ಮಿನೆಸೋಟದಲ್ಲಿ ಡೇವ್ ಆರ್ನೆಸನ್ ‘ಬ್ಲ್ಯಾಕ್‌ಮೂರ್’ ಆರಂಭಿಸಿದ. ಅವನ ಆಟದ ಮೇಜಿನ ಮೇಲೆ ಪ್ಲಾಸ್ಟಿಕ್ ಕಿಟ್‌ನಿಂದ ಜೋಡಿಸಿದ ಮಧ್ಯಯುಗದ ಕೋಟೆಯೊಂದು ನಿಂತಿತ್ತು.

ಕೋಟೆ ಮೂರು ಆಯಾಮದ್ದು. ಅದರ ಕೆಳಗಿನ ಸುರಂಗಗಳು ಮಾತ್ರ ಗ್ರಾಫ್ ಕಾಗದದ ಮೇಲಿದ್ದವು. ಈ ಬೇರ್ಪಡೆಯಲ್ಲೇ ಹೊಸ ಆಟದ ಹುಟ್ಟಿದೆ ಎನ್ನಬಹುದು. ಆರ್ನೆಸನ್‌ನ ಆಟದಲ್ಲಿ ಎದುರುಬದುರಾದ ಎರಡು ಸೈನ್ಯಗಳಿಲ್ಲ. ಒಬ್ಬ ಸೂತ್ರಧಾರನಿಗೆ ಇಡೀ ಲೋಕ ಗೊತ್ತು. ಉಳಿದವರು ತಲಾ ಒಂದು ಪಾತ್ರ ವಹಿಸಿ ಆ ಲೋಕವನ್ನು ಹಂತಹಂತವಾಗಿ ಶೋಧಿಸುತ್ತಾರೆ. ಬಾಗಿಲ ಆಚೆ ಏನಿದೆ ಎಂಬುದು ತಿಳಿಯದಿರುವುದೇ ಆಟದ ಬಂಡವಾಳ. ನೆಲಮಾಳಿಗೆಯನ್ನು ಪೂರ್ತಿ ಕಟ್ಟಿ ಮೇಜಿನ ಮೇಲಿಟ್ಟರೆ ಮೊದಲ ನೋಟದಲ್ಲೇ ಎಲ್ಲ ರಟ್ಟಾಗುತ್ತದೆ. ವೆಲ್ಸ್‌ಗೆ ನ್ಯಾಯವಾಗಿದ್ದ ಪೂರ್ಣದರ್ಶನ ಇಲ್ಲಿ ಆಟಭಂಗ. ಹಾಗಾಗಿ ನೆಲ ಸೂತ್ರಧಾರನ ಕಾಗದಕ್ಕೆ ಸರಿಯಿತು, ಆಟಗಾರರಿಗೆ ಅದು ಮಾತಿನ ಮೂಲಕ ತಲುಪತೊಡಗಿತು. ಗೈಗಾಕ್ಸ್ ಮತ್ತು ಆರ್ನೆಸನ್ ಸೇರಿ ರೂಪಿಸಿ 1974ರಲ್ಲಿ ತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ತನ್ನ ಮುಖಪುಟದಲ್ಲಿ ಪುಟ್ಟ ಲೋಹದ ಗೊಂಬೆಗಳ ಹೆಸರೆತ್ತಿದರೂ, ಅವಿಲ್ಲದೆಯೂ ಆಡಬಹುದೆಂದು ಒಳಗೆ ಹೇಳಿತು.

ಅಳತೆಯ ಸಮಸ್ಯೆ

ಎರಡನೆಯ ತೊಡಕು ಇಷ್ಟು ಎದ್ದು ಕಾಣುವುದಿಲ್ಲ. ಅದನ್ನು ನಿಯಮಗಳ ಅಂಕಿಗಳಿಂದಲೇ ಹೊರತೆಗೆಯಬೇಕು. ‘ಚೈನ್‌ಮೇಲ್’ನ ದೊಡ್ಡ ಕದನಗಳಲ್ಲಿ ಒಂದು ಗೊಂಬೆ ಎಂದರೆ 20 ಆಳು, ಮೇಜಿನ ಒಂದು ಇಂಚು ಎಂದರೆ 10 ಗಜ. ನೆಲದ ಪ್ರಮಾಣ 1:360; ಗೊಂಬೆಯ ಪ್ರಮಾಣ ಅದಕ್ಕಿಂತ ಎಷ್ಟೋ ದೊಡ್ಡದು. ಗೊಂಬೆ ಒಂದು ತುಕಡಿಯ ಗುರುತಷ್ಟೇ ಆಗಿದ್ದುದರಿಂದ ಈ ವ್ಯತ್ಯಾಸ ಯಾರನ್ನೂ ಕಾಡಲಿಲ್ಲ.

1974ರ ಆಟ ಇಂಚಿನ ಲೆಕ್ಕವನ್ನು ಹಾಗೇ ಉಳಿಸಿಕೊಂಡು, ನೆಲಮಾಳಿಗೆಯೊಳಗೆ ಒಂದು ಇಂಚಿಗೆ 10 ಅಡಿ ಎಂದಿತು, ಅಂದರೆ 1:120. ಆದರೆ ಈಗ ಒಂದು ಗೊಂಬೆ ಎಂದರೆ ಹೆಸರುಳ್ಳ ಒಬ್ಬನೇ ವ್ಯಕ್ತಿ. 1:120ರಲ್ಲಿ ಆರಡಿಯ ಆಳು ಸುಮಾರು 15 ಮಿ.ಮೀ. ಎತ್ತರವಿರಬೇಕು, ಬಳಕೆಯಲ್ಲಿದ್ದ ಗೊಂಬೆಗಳು 25 ಮಿ.ಮೀ. ಎತ್ತರದವು. ನಿಯಮದಂತೆ 10 ಅಡಿ ಅಗಲದ ಓಣಿ ಕಟ್ಟಿದರೆ ಅದು ಒಂದೇ ಇಂಚಿನದಾಗಿ, ಒಬ್ಬ ಯೋಧನೇ ಗೋಡೆಯಿಂದ ಗೋಡೆಗೆ ತುಂಬಿಬಿಡುತ್ತಿದ್ದ. ಆ ಅಳತೆಯಲ್ಲಿ ನೆಲವನ್ನು ಎಣಿಸಬಹುದಿತ್ತು, ಕಟ್ಟುವಂತಿರಲಿಲ್ಲ.

ಗೈಗಾಕ್ಸ್‌ಗೆ ಇದು ಗೊತ್ತಿತ್ತು. 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ನಲ್ಲಿ ಆತ ಗೊಂಬೆಗಳನ್ನು ಬಳಸುವವರಿಗೆ ಬೇರೆಯೇ ಅಳತೆ ಸೂಚಿಸಿದ: ಒಂದು ಇಂಚಿನ ಚೌಕಕ್ಕೆ 3⅓ ಅಡಿ. ಆಗ 10 ಅಡಿಯ ಓಣಿ ಮೂರು ಇಂಚಾಗಿ ಮೂವರು ಹೆಗಲಿಗೆ ಹೆಗಲು ಕೊಟ್ಟು ನಿಲ್ಲಬಹುದು. ಇದು 1:40. ಚಲನೆಯ ಲೆಕ್ಕಕ್ಕೊಂದು ಇಂಚು, ಗೊಂಬೆಯ ನೆಲಕ್ಕೊಂದು ಇಂಚು. ಒಂದೇ ಆಟದಲ್ಲಿ ಎರಡು ಅಳತೆಗಳು ಉಳಿದವು. 2000ದಲ್ಲಿ ಬಂದ ಮೂರನೆಯ ಆವೃತ್ತಿ ಈ ದ್ವಂದ್ವವನ್ನು ಮುಗಿಸಿತು: ಒಂದು ಇಂಚಿನ ಚೌಕ ಎಂದರೆ 5 ಅಡಿ, ಅಂದರೆ 1:60. ಆ ಹೊತ್ತಿಗೆ ರೂಢಿಗೆ ಬಂದಿದ್ದ 28 ಮಿ.ಮೀ. ಗೊಂಬೆಗಳಿಗೆ ಇದು ಹತ್ತಿರದ ಪ್ರಮಾಣ. ನಿಯಮ, ಗೊಂಬೆ, ನೆಲ ಮೂರೂ ಒಂದೇ ಅಳತೆಗೆ ಬಂದುದರಿಂದ ಒಬ್ಬರು ತಯಾರಿಸಿದ ಕೋಣೆ ಇನ್ನೊಬ್ಬರ ಆಟಕ್ಕೆ ಹೊಂದುವಂತಾಯಿತು.

ಬಿಡಿ ತುಣುಕಿನ ಮರುಹುಟ್ಟು

ಗುಟ್ಟಿನ ಸಮಸ್ಯೆಗೆ ಉತ್ತರ ಇದಕ್ಕೂ ಮೊದಲೇ ಸಿಕ್ಕಿತ್ತು. 1989ರಲ್ಲಿ ಮಿಲ್ಟನ್ ಬ್ರಾಡ್ಲಿ ಸಂಸ್ಥೆ ಗೇಮ್ಸ್ ವರ್ಕ್‌ಶಾಪ್ ಜೊತೆಗೂಡಿ ತಂದ ‘ಹೀರೋಕ್ವೆಸ್ಟ್’ನಲ್ಲಿ ಹಲಗೆ ಚಪ್ಪಟೆಯೇ, ಆದರೆ ಆಟಗಾರ ಕೋಣೆಯೊಳಗೆ ಇಣುಕಿದಾಗ ಮಾತ್ರ ಅಲ್ಲಿನ ಬಾಗಿಲು, ಮೇಜು, ಪುಸ್ತಕದ ಕಪಾಟು, ಗೋರಿಗಳನ್ನು ತಂದಿಡಬೇಕಿತ್ತು. ನೆಲವನ್ನು ಮೊದಲೇ ಕಟ್ಟದೆ, ಕಂಡಷ್ಟನ್ನೇ ಕಟ್ಟುತ್ತ ಹೋಗುವ ಕ್ರಮವಿದು. ಸ್ಟೆಫಾನ್ ಪೊಕೋರ್ನಿ 1996ರಲ್ಲಿ ಆರಂಭಿಸಿದ ಡ್ವಾರ್ವನ್ ಫೋರ್ಜ್ ಇದನ್ನು ಗೋಡೆಗೂ ನೆಲಕ್ಕೂ ವಿಸ್ತರಿಸಿತು. ರೆಸಿನ್‌ನಲ್ಲಿ ಎರಕ ಹೊಯ್ದು, ಬಣ್ಣ ಬಳಿದೇ ಮಾರುತ್ತಿದ್ದ ಈ ತುಣುಕುಗಳನ್ನು ಸೂತ್ರಧಾರ ಪಕ್ಕದಲ್ಲಿಟ್ಟುಕೊಂಡು, ಆಟಗಾರರು ಮುಂದೆ ಸಾಗಿದಂತೆ ಒಂದೊಂದಾಗಿ ಜೋಡಿಸಬಹುದಿತ್ತು. 1990ರ ದಶಕದ ಕೊನೆಯಲ್ಲಿ ಬ್ರೂಸ್ ಹರ್ಸ್ಟ್‌ನ ಹರ್ಸ್ಟ್ ಆರ್ಟ್ಸ್ ಸಿದ್ಧ ತುಣುಕುಗಳ ಬದಲು ಸಿಲಿಕೋನ್ ಅಚ್ಚುಗಳನ್ನೇ ಮಾರತೊಡಗಿತು. ಕೊಂಡವರು ಮನೆಯಲ್ಲಿ ಪ್ಲಾಸ್ಟರ್ ಕಲಸಿ ಕಲ್ಲಿನಂತೆ ಕಾಣುವ ಇಟ್ಟಿಗೆಗಳನ್ನು ಎರೆದು, ಅಂಟಿಸಿ ಗೋಡೆ ಎಬ್ಬಿಸಬೇಕು.

ಹೀಗೆ ರೈಸ್‌ವಿಟ್ಸ್‌ನ ವಸ್ತುವೂ ವಿಧಾನವೂ ಮರಳಿ ಬಂದವು, ಆದರೆ ಉದ್ದೇಶ ಬೇರೆ. ಪ್ರಷ್ಯಾದ ಬಿಲ್ಲೆ ಬಿಡಿಯಾಗಿದ್ದದ್ದು ಹಲವು ಸೀಮೆಗಳನ್ನು ಕಟ್ಟುವುದಕ್ಕೆ. ಹೊಸ ತುಣುಕು ಬಿಡಿಯಾಗಿರುವುದು ಒಂದೇ ಸೀಮೆಯನ್ನು ತಡೆತಡೆದು ತೋರಿಸುವುದಕ್ಕೆ. ಹಿಂದೆ ಬಿಡಿತನ ಜಾಗದ ಗುಣವಾಗಿತ್ತು, ಈಗ ಕಾಲದ ಗುಣವಾಯಿತು.

ವಸ್ತುಗಳು, ಕೈಗೆಲಸ

ಕೊಳ್ಳಲಾಗದವರ ಹಾದಿ ಪಾಲಿಸ್ಟೈರೀನ್‌ನದು. ಗೇಮ್ಸ್ ವರ್ಕ್‌ಶಾಪ್ 1996ರಲ್ಲಿ ಪ್ರಕಟಿಸಿದ ಟೆರೈನ್ ಕೈಪಿಡಿ ಇದರ ಗುಡ್ಡಗಳನ್ನು ಯುದ್ಧಾಟದ ಮೇಜುಗಳಿಗೆ ಪರಿಚಯದ ಸಂಗತಿಯಾಗಿಸಿತು. ನಮ್ಮಲ್ಲಿ ಥರ್ಮಾಕೋಲ್ ಎನ್ನುವ ಕಾಳುಕಾಳಾದ ಬಗೆ ಕತ್ತರಿಸುವಾಗ ಉದುರುತ್ತದೆ. ಕಟ್ಟಡಗಳ ಶಾಖನಿರೋಧಕ್ಕೆ ಬಳಸುವ ಒತ್ತು ಫೋಮ್‌ನ ಮೈ ನುಣುಪು. ಕಾದ ತಂತಿಯಿಂದ ಕೊಯ್ದರೆ ಬೆಣ್ಣೆಯಂತೆ ಸೀಳುತ್ತದೆ. ಅದರ ಮೇಲೆ ಪೆನ್ಸಿಲ್ಲಿನಿಂದ ಕಲ್ಲಿನ ಸಂದುಗಳನ್ನು ಒತ್ತಿ ಗೀರಿ, ಮುದ್ದೆಮಾಡಿದ ಅಲ್ಯೂಮಿನಿಯಂ ಹಾಳೆಯನ್ನು ಉರುಳಿಸಿದರೆ ಶಿಲೆಯ ಒರಟು ಮೂಡುತ್ತದೆ. ಸ್ಪ್ರೇ ಬಣ್ಣದ ದ್ರಾವಕ ಫೋಮನ್ನು ಕರಗಿಸುವುದರಿಂದ ಮೊದಲು ಅಂಟು ಬೆರೆಸಿದ ಕಪ್ಪು ಬಣ್ಣದ ಲೇಪ ಬೇಕು. ಅದು ಒಣಗಿದ ಮೇಲೆ ಬಹುತೇಕ ಒಣಗಿದ ಕುಂಚದಿಂದ ಉಬ್ಬುಗಳಿಗಷ್ಟೇ ಬೂದುಬಣ್ಣ ತಾಗಿಸುತ್ತಾರೆ. ಹುಲ್ಲು, ಪೊದೆಗಳ ಪುಡಿ ರೈಲುಮಾದರಿ ಕಟ್ಟುವವರಿಂದ ಬಂದ ಬಳುವಳಿ.

ಗೋಡೆ ಎತ್ತರವಾದಷ್ಟೂ ಎದುರಿಗೆ ಕುಳಿತವರ ಕಣ್ಣಿಗೆ ಗೊಂಬೆ ಮರೆಯಾಗುತ್ತದೆ, ಕೈಯೂ ಒಳಗೆ ಹೋಗುವುದಿಲ್ಲ. ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ರಾಜಿ ‘ಎರಡೂವರೆ ಆಯಾಮ’: ಕೋಣೆಯ ನೆಲ ಪೂರ್ತಿ, ಗೋಡೆ ಮಾತ್ರ ಮೋಟು. ನಿಜದಂತೆ ಕಾಣುವುದಕ್ಕಿಂತ ಆಡಲು ಬರುವುದು ಮುಖ್ಯ ಎಂಬ ತೀರ್ಪು ಇದರಲ್ಲಿದೆ.

ಬಾತ್ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಏಡ್ರಿಯನ್ ಬೋಯರ್ ಆರಂಭಿಸಿದ ರೆಪ್‌ರ‍್ಯಾಪ್ ಯೋಜನೆ, 2009ರಲ್ಲಿ ಅವಧಿ ಮುಗಿದ 3ಡಿ ಮುದ್ರಣದ ಮುಖ್ಯ ಪೇಟೆಂಟ್, ಇವೆರಡರಿಂದ ಮನೆಬಳಕೆಯ 3ಡಿ ಪ್ರಿಂಟರ್ ಅಗ್ಗವಾಯಿತು. ಆಗ ಮಾರಾಟವಾಗತೊಡಗಿದ್ದು ತುಣುಕಲ್ಲ, ಅದರ ಫೈಲ್. ಓಪನ್‌ಲಾಕ್‌ನಂಥ ಕೊಂಡಿಗಳು ಬೇರೆಬೇರೆ ವಿನ್ಯಾಸಕಾರರ ತುಣುಕುಗಳನ್ನು ಒಂದಕ್ಕೊಂದು ಸೇರಿಸಿದವು. ಸಿದ್ಧ ತುಣುಕಿನ ಬೇಡಿಕೆಯೂ ತಗ್ಗಲಿಲ್ಲ: ಡ್ವಾರ್ವನ್ ಫೋರ್ಜ್ 2013ರ ಕಿಕ್‌ಸ್ಟಾರ್ಟರ್‌ನಲ್ಲಿ ಸುಮಾರು 19 ಲಕ್ಷ ಡಾಲರ್ ಕೂಡಿಸಿತು. 2015ರಿಂದ ‘ಕ್ರಿಟಿಕಲ್ ರೋಲ್’ ಪ್ರಸಾರದಲ್ಲಿ ಅದೇ ಬಗೆಯ ನೆಲ ಕ್ಯಾಮೆರಾದ ಮುಂದೆ ಬಂದಾಗ, ಮೇಜಿನಲ್ಲಿ ಕೂರದ ಪ್ರೇಕ್ಷಕರೂ ಅದರ ಪಾಲುದಾರರಾದರು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಮೊದಲನೆಯದು, ಟೆರೈನ್‌ನ ಚರಿತ್ರೆ ಚಪ್ಪಟೆಯಿಂದ ಎತ್ತರಕ್ಕೆ ಏರಿದ ಪ್ರಗತಿಯ ಕಥೆಯಲ್ಲ. ಯಾರಿಗೆ, ಎಷ್ಟು, ಯಾವಾಗ ಕಾಣಬೇಕು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಸಿಕ್ಕ ಉತ್ತರಗಳ ಸರಣಿ. ಎರಡನೆಯದು, ಯುದ್ಧಾಟದಿಂದ ರೋಲ್‌ಪ್ಲೇಯಿಂಗ್ ಆಟ ಬೇರ್ಪಟ್ಟ ಕ್ಷಣವನ್ನು ಹುಡುಕುವವರು ನಿಯಮಗಳ ಪಠ್ಯದಷ್ಟೇ ಅದರೊಳಗಿನ ಪ್ರಮಾಣಗಳನ್ನೂ ಗಮನಿಸಬೇಕು. ಇಪ್ಪತ್ತು ಆಳಿನ ಗುರುತಾಗಿದ್ದ ಗೊಂಬೆ ಹೆಸರುಳ್ಳ ಒಬ್ಬ ವ್ಯಕ್ತಿಯಾದದ್ದು 1974ರಲ್ಲಿ ಅಚ್ಚಾಯಿತು; ಆ ವ್ಯಕ್ತಿ ನಿಲ್ಲಬಹುದಾದ ನೆಲದ ಅಳತೆ ಇಡೀ ಆಟದ ನಿಯಮವಾಗಲು 2000ದವರೆಗೆ ಕಾಯಬೇಕಾಯಿತು. ಈ ಕಾಲು ಶತಮಾನದ ಅಂತರದಲ್ಲಿ ಬಂದ ಓಣಿ, ಬಾಗಿಲು, ಬಿಲ್ಲೆಗಳನ್ನು ಪುಸ್ತಕಗಳಷ್ಟೇ ಶ್ರದ್ಧೆಯಿಂದ ಅಳೆದು ದಾಖಲಿಸುವುದು ಈ ಕ್ಷೇತ್ರದ ಮುಂದಿನ ಕೆಲಸ.