ಮರಳಿ ಬಾರದ ಯಾತ್ರೆ

ಬಳ್ಳಾರಿಯ ಗಾಂಧಿನಗರದಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಬೀದಿಗೆಲ್ಲ ಅವರು ‘ಟೀಚರಮ್ಮ’. ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಾರೆ. ಉಳಿದ ದಿನ ಸಂಜೆ ಕೂಲಿ ಮಾಡುವವರ ಮಕ್ಕಳನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಪಾಠ ಹೇಳುತ್ತಾರೆ. ಒಂದು ರೂಪಾಯಿಯೂ ತೆಗೆದುಕೊಳ್ಳುವುದಿಲ್ಲ. ‘ಟೀಚರಮ್ಮಗ ಸ್ವರ್ಗದಾಗ ಸೀಟು ಗ್ಯಾರಂಟಿ’ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು, ನಾನೂ ನಗುತ್ತಿದ್ದೆ. ಪಿಎಚ್.ಡಿ.ಗೆ ಮಿಷನರಿಗಳ ಕನ್ನಡವನ್ನು ಆರಿಸಿಕೊಂಡ ಮೇಲೆ ಒಮ್ಮೆ ನೇರವಾಗಿಯೇ ಕೇಳಿಬಿಟ್ಟೆ: ‘ಟೀಚರಮ್ಮಾ, ಇದೆಲ್ಲ ಸ್ವರ್ಗಕ್ಕ ಹೋಗಾಕ ಮಾಡ್ತೀರೇನು?’

ಅವರು ಮಗುವಿನ ಲೆಕ್ಕ ತಿದ್ದುತ್ತಲೇ ಹೇಳಿದರು: ‘ಹೋಗಾಕ ಅಲ್ಲಪ್ಪ. ಕರೆದಾರ ಅಂತ ನಂಬೀನಿ, ಅದಕ್ಕ.’

ಆ ಮಾತಿನಲ್ಲಿರುವ ವ್ಯತ್ಯಾಸ ನನಗೆ ಆಗ ತಿಳಿಯಲಿಲ್ಲ. ತಿಳಿಯಲು ನಮ್ಮೂರಿನದೇ ಎರಡು ನೂರು ವರ್ಷದ ಹಿಂದಿನ ಕಾಲಕ್ಕೆ ಹೋಗಬೇಕಾಯಿತು.

1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಹತ್ತು ವರ್ಷದ ನಂತರ, 1810ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಪರಲೋಕದ ಸುದ್ದಿ ಹೇಳಲು ಬಂದವರಿಗೆ ಮೊದಲು ಈ ಲೋಕದ ಭಾಷೆ ಬೇಕಾಗಿತ್ತು. ಅವರು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. 1820ರ ದಶಕದಲ್ಲಿ ಹೊಸ ಒಡಂಬಡಿಕೆ, 1831ರ ಸುಮಾರಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಅವರ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದರು. ಮಂಗಳೂರಿನಲ್ಲಿ ಕಿಟೆಲ್ ಅವರ ನಿಘಂಟು ಅಚ್ಚಾದದ್ದು 1894ರಲ್ಲಿ; ಅದಕ್ಕೆ ಆರು ದಶಕ ಮೊದಲೇ ನಡೆದ ಕೆಲಸ ಇದು.

ಈ ಅನುವಾದಕರು ಪಟ್ಟಿರಬಹುದಾದ ಪಾಡನ್ನು ಒಂದೇ ಪದದಲ್ಲಿ ನೋಡಬಹುದು: ಸ್ವರ್ಗ. ಪದ ಸಿದ್ಧವಾಗಿಯೇ ಇತ್ತು, ತೊಡಕು ಇದ್ದದ್ದೂ ಅಲ್ಲೇ. ನಮ್ಮ ಪರಂಪರೆಯಲ್ಲಿ ಸ್ವರ್ಗ ಪುಣ್ಯ ಕೊಟ್ಟು ಪಡೆಯುವ ಜಾಗ. ಪುಣ್ಯ ತೀರಿದ ಮೇಲೆ ಮತ್ತೆ ಭೂಮಿಗೆ ಇಳಿಯಬೇಕು. ಭಗವದ್ಗೀತೆಯೂ ಇದನ್ನೇ ಹೇಳುತ್ತದೆ. ಮಿಷನರಿಗಳು ಹೇಳಬೇಕಾಗಿದ್ದ ಸ್ವರ್ಗ ಹಾಗಲ್ಲ. ಅಲ್ಲಿಂದ ಮರಳುವಿಕೆ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಅವರ ಪ್ರೊಟೆಸ್ಟಂಟ್ ನಂಬಿಕೆಯಲ್ಲಿ ಅದಕ್ಕೆ ಬೆಲೆ ಕಟ್ಟಲು ಬರುವುದಿಲ್ಲ. ಅದು ದೇವರ ಕೃಪೆಯಿಂದ ಸಿಗುವ ದಾನ. ಇಂದಿಗೂ ಕನ್ನಡದ ಪ್ರೊಟೆಸ್ಟಂಟ್ ಬೈಬಲ್ಲಿನಲ್ಲಿ ‘ಪರಲೋಕ’ ಎಂದಿದೆ. ಕಥೋಲಿಕರ ಪ್ರಾರ್ಥನೆಯಲ್ಲಿ ‘ಸ್ವರ್ಗ’ ಎಂದಿದೆ. ಕ್ರಿಸ್ತನು ಕಲಿಸಿದ ಒಂದೇ ಪ್ರಾರ್ಥನೆ ಒಂದೇ ಊರಿನ ಎರಡು ಚರ್ಚುಗಳಲ್ಲಿ ಎರಡು ಪದಗಳಿಂದ ಶುರುವಾಗುತ್ತದೆ.

ಪದದ ಜೊತೆಗೆ ಕಥೆಯೂ ಬಂತು. ಜಾನ್ ಬನಿಯನ್ 1678ರಲ್ಲಿ ಪ್ರಕಟಿಸಿದ ರೂಪಕ ಕಥೆ 1840ರ ದಶಕದಲ್ಲಿ ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೆ ಬಂತು. ಬೆನ್ನಿನ ಮೇಲೆ ಪಾಪದ ಹೊರೆ ಹೊತ್ತ ಒಬ್ಬ ಮನುಷ್ಯ ಮನೆ ಬಿಟ್ಟು ದೇವರ ಪಟ್ಟಣದತ್ತ ನಡೆಯುವ ಕಥೆ ಅದು. ಯಾತ್ರೆ ನಮಗೆ ಹೊಸದೇನಲ್ಲ. ನನ್ನ ಅಜ್ಜಿ ಯುಗಾದಿಗೆ ಶ್ರೀಶೈಲಕ್ಕೆ ನಡೆದುಕೊಂಡು ಹೋಗಿ ಬಂದವಳು. ಆದರೆ ‘ಹೋಗಿ ಬಂದವಳು’ ಎಂಬುದನ್ನು ಗಮನಿಸಿ. ನಮ್ಮ ಯಾತ್ರಿಕರು ಮನೆಗೆ ಮರಳುತ್ತಾರೆ, ಬನಿಯನ್ನನ ಯಾತ್ರಿಕ ಮರಳುವುದಿಲ್ಲ. ಇನ್ನೊಂದು ವಿಶೇಷವೆಂದರೆ ಹೊರೆ ಅವನ ಬೆನ್ನಿನಿಂದ ಕಳಚಿ ಬೀಳುವುದು ದಾರಿಯ ಕೊನೆಯಲ್ಲಲ್ಲ. ಶಿಲುಬೆಯ ಮುಂದೆ, ಇನ್ನೂ ಬಹಳ ದಾರಿ ಉಳಿದಿರುವಾಗಲೇ. ಮುಂದಿನ ನಡಿಗೆಯೆಲ್ಲ ಹಗುರಾದವನ ನಡಿಗೆ.

ಟೀಚರಮ್ಮನ ‘ಕರೆದಾರ’ ಎಂಬ ಮಾತು ನನಗೆ ಅರ್ಥವಾದದ್ದು ಇಲ್ಲಿ. ಒಳ್ಳೆಯ ನಡತೆ ಸ್ವರ್ಗದ ಟಿಕೆಟ್ಟಿನ ದುಡ್ಡಲ್ಲ. ಆಗಲೇ ಬೇರು ಬಿಟ್ಟ ಮರದ ಹಣ್ಣು. ಮರ ತಾನು ಮರವಾಗಬೇಕೆಂದು ಹಣ್ಣು ಬಿಡುವುದಿಲ್ಲ.

ಚರಿತ್ರೆಯ ವಿದ್ಯಾರ್ಥಿಯಾದ ನಾನು ಇಷ್ಟಕ್ಕೇ ನಿಲ್ಲುವಂತಿಲ್ಲ. ಮಿಷನರಿಗಳ ಬೆನ್ನಿಗೆ ಕಂಪನಿಯ ಆಳ್ವಿಕೆ ಇತ್ತು. ನಮ್ಮ ದೇವರುಗಳ ಬಗ್ಗೆ ಅವರ ಬರಹಗಳಲ್ಲಿ ಕಟುವಾದ ಮಾತುಗಳಿವೆ. 1876–78ರ ಮಹಾ ಬರ ಬಳ್ಳಾರಿ ಸೀಮೆಯನ್ನು ಹಿಂಡಿಹಾಕಿತು. ಅಂಥ ಕಾಲದಲ್ಲಿ ಚರ್ಚಿಗೆ ಸೇರಿದವರೆಲ್ಲ ಗಂಜಿಗಾಗಿ ಸೇರಿದರು ಎಂಬ ಮಾತು ದೇಶದ ಎಲ್ಲ ಕಡೆ ಕೇಳಿಬರುತ್ತದೆ. ಹಸಿದವನ ನಂಬಿಕೆಯನ್ನು ನಾವು ಯಾವ ತಕ್ಕಡಿಯಲ್ಲಿ ತೂಗಬೇಕು? ಹೊಟ್ಟೆ ತುಂಬಿದವನ ಭಕ್ತಿಯನ್ನು ಯಾರೂ ಹೀಗೆ ತೂಗುವುದಿಲ್ಲ ಎಂಬುದನ್ನಂತೂ ನೆನಪಿಡಬೇಕು.

ಇನ್ನೊಂದು ಕೊರತೆಯೂ ಇದೆ. ಹ್ಯಾಂಡ್ಸ್, ರೀವ್ ಅವರ ಹೆಸರುಗಳು ನಮಗೆ ಸುಲಭವಾಗಿ ಸಿಗುತ್ತವೆ. ಬೆಂಗಳೂರಿನಿಂದ ಬಂದು ಇಲ್ಲಿ ದುಡಿದು 1847ರಲ್ಲಿ ತೀರಿಕೊಂಡ ಭಾರತೀಯ ಪಾದ್ರಿ ಸ್ಯಾಮ್ಯುಯೆಲ್ ಫ್ಲೇವಲ್ ಅವರ ಹೆಸರು ಊರಿನಲ್ಲಿ ಎಷ್ಟು ಜನಕ್ಕೆ ಗೊತ್ತು? ಕನ್ನಡ ಕಲಿಸಿದ ಮುನ್ಷಿಗಳು, 1846ರಲ್ಲಿ ಶುರುವಾದ ವಾರ್ಡ್ಲಾ ಶಾಲೆಯಲ್ಲಿ ಅಕ್ಷರ ತಿದ್ದಿಸಿದ ಮೇಷ್ಟ್ರುಗಳು, ಇವರದು ಚರಿತ್ರೆಯ ಪುಟಕ್ಕೆ ಹತ್ತದ ಬದುಕು. ಸದ್ಗುಣದ ಜೀವನ ಎಂಬುದು ಬಹುಪಾಲು ಹೀಗೇ, ದಾಖಲೆಯಿಲ್ಲದೆ ನಡೆದುಹೋಗುತ್ತದೆ.

ಸ್ವರ್ಗವನ್ನು ನಡೆನುಡಿಯೊಳಗೇ ಹುಡುಕುವುದನ್ನು ಕನ್ನಡಕ್ಕೆ ಮಿಷನರಿಗಳು ಕಲಿಸಬೇಕಾಗಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲೇ ಬಸವಣ್ಣ ಅದನ್ನು ಹೇಳಿಯಾಗಿತ್ತು. ಅವರು ತಂದದ್ದು ಬೇರೆಯೊಂದು ಭರವಸೆ: ಮರಳಿ ಬರುವುದಿಲ್ಲ, ಆದ್ದರಿಂದ ಈ ಒಂದು ಬದುಕಿಗೆ ಇಷ್ಟು ತೂಕ. ಪರಲೋಕವನ್ನು ನೆಚ್ಚಿದವರು ಈ ಲೋಕಕ್ಕೆ ನಿಘಂಟು, ಶಾಲೆ ಬಿಟ್ಟುಹೋದದ್ದು ಹಾಗಾಗಿ ನನಗೆ ವಿರೋಧಾಭಾಸವಾಗಿ ಕಾಣುವುದಿಲ್ಲ.

ಆ ಸ್ವರ್ಗ ಇದೆಯೋ ಇಲ್ಲವೋ ಎಂಬುದು ನನ್ನ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಈಗ ಬೀದಿಯಲ್ಲಿ ಯಾರಾದರೂ ಟೀಚರಮ್ಮನ ಸೀಟಿನ ಮಾತೆತ್ತಿದರೆ ನಾನು ನಗುವುದಿಲ್ಲ. ಮಂಗಳವಾರ, ಗುರುವಾರ ಸಂಜೆ ಆ ಪಡಸಾಲೆಯಲ್ಲಿ ಏಳನೇ ತರಗತಿಯ ಮಕ್ಕಳಿಗೆ ನಾನೇ ಕನ್ನಡ ವ್ಯಾಕರಣ ಹೇಳುತ್ತೇನೆ. ಯಾಕೆ ಎಂದು ಟೀಚರಮ್ಮ ಇನ್ನೂ ಕೇಳಿಲ್ಲ.