ಮೂಳೆ ಸವೆತದ ಮಾತ್ರೆ: ಕ್ಯಾನ್ಸರ್ ಭಯ ಎಷ್ಟು ನಿಜ?

ಮುಟ್ಟು ನಿಂತ ಬಳಿಕ ಮೂಳೆ ಟೊಳ್ಳಾಗುವ ಓಸ್ಟಿಯೊಪೊರೋಸಿಸ್‌ಗೆ ವೈದ್ಯರು ಹೆಚ್ಚಾಗಿ ಬರೆದುಕೊಡುವುದು ಬಿಸ್ಫಾಸ್ಫೊನೇಟ್ ಗುಂಪಿನ ಔಷಧ. ಅದರಲ್ಲಿ ಅಲೆಂಡ್ರೊನೇಟ್ ವಾರಕ್ಕೊಂದೇ ಮಾತ್ರೆ, 70 ಮಿ.ಗ್ರಾಂ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿ ಹುಣ್ಣು ಮಾಡುತ್ತದೆ. ಕ್ಯಾನ್ಸರ್‌ನ ಅನುಮಾನ ಹುಟ್ಟಿದ್ದೂ ಅಲ್ಲಿಂದಲೇ. ಮಾತ್ರೆ ನುಂಗುತ್ತಿದ್ದವರಲ್ಲಿ ಕಂಡ ಅನ್ನನಾಳದ ಕ್ಯಾನ್ಸರ್ ಪ್ರಕರಣಗಳನ್ನು ಅಮೆರಿಕದ ಎಫ್‌ಡಿಎ ಅಧಿಕಾರಿಯೊಬ್ಬರು 2009ರಲ್ಲಿ ವರದಿ ಮಾಡಿದರು.

ಸೋಜಿಗವೆಂದರೆ, 2010ರಲ್ಲಿ ಬ್ರಿಟನ್ನಿನ ಒಂದೇ ದಾಖಲೆಯಿಂದ ಎರಡು ಉತ್ತರ ಬಂತು. ಬೆಲ್‌ಫಾಸ್ಟ್‌ನ ತಂಡ ಔಷಧ ಪಡೆದ 41,826 ಮಂದಿಯನ್ನು ಪಡೆಯದ ಅಷ್ಟೇ ಮಂದಿಯ ಜೊತೆ ಹೋಲಿಸಿ, ಅಪಾಯ ಹೆಚ್ಚಿಲ್ಲ ಎಂದಿತು. ಆದರೆ ಅವರನ್ನು ಗಮನಿಸಿದ್ದು ಸರಾಸರಿ ನಾಲ್ಕೂವರೆ ವರ್ಷ ಮಾತ್ರ. ಕ್ಯಾನ್ಸರ್ ಬೆಳೆಯಲು ಅದಕ್ಕಿಂತ ಹೆಚ್ಚು ಕಾಲ ಬೇಕಾಗಬಹುದು. ಆಕ್ಸ್‌ಫರ್ಡ್ ತಂಡ ಕ್ಯಾನ್ಸರ್ ಬಂದವರ ಹಳೇ ಔಷಧ ಚೀಟಿಗಳನ್ನು ಲೆಕ್ಕ ಹಾಕಿತು. ಹತ್ತು ಅಥವಾ ಹೆಚ್ಚು ಚೀಟಿ ಇದ್ದವರಲ್ಲಿ ಅನ್ನನಾಳದ ಕ್ಯಾನ್ಸರ್ ಅಪಾಯ ಸುಮಾರು ಇಮ್ಮಡಿ. ಇಮ್ಮಡಿ ಅಂದರೆ ಯಾರಿಗಾದರೂ ಗಾಬರಿಯೇ. ಲೆಕ್ಕ ಬಿಡಿಸಿದರೆ, 60ರಿಂದ 79 ವಯಸ್ಸಿನವರಲ್ಲಿ ಐದು ವರ್ಷಕ್ಕೆ ಸಾವಿರಕ್ಕೆ ಒಬ್ಬರಿದ್ದದ್ದು ಇಬ್ಬರಾಗುತ್ತದೆ. ಹೊಟ್ಟೆ, ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚಿರಲಿಲ್ಲ.

ಇನ್ನೊಂದೆಡೆ, ಮುಟ್ಟು ನಿಂತ ಸ್ತನ ಕ್ಯಾನ್ಸರ್ ರೋಗಿಗಳಿಗೆ ಇದೇ ಗುಂಪಿನ ಔಷಧ ಕೊಟ್ಟಾಗ ಕ್ಯಾನ್ಸರ್ ಮೂಳೆಯಲ್ಲಿ ಮರುಕಳಿಸುವುದು ಕಡಿಮೆಯಾಯಿತೆಂದು 2015ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿತು.

ಹೆದರಿ ತಾವೇ ಮಾತ್ರೆ ಬಿಟ್ಟವರಿಗೆ ಸೊಂಟದ ಮೂಳೆ ಮುರಿಯುವ ಅಪಾಯವೇ ದೊಡ್ಡದು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ತುಂಬ ಬರೀ ನೀರಿನ ಜೊತೆ (ಚಾ ಅಲ್ಲ) ಮಾತ್ರೆ ನುಂಗಿ, ಅರ್ಧ ಗಂಟೆ ಮಲಗದೇ ಇರಬೇಕು. ನುಂಗುವಾಗ ನೋವು, ಹೊಸದಾಗಿ ಎದೆಯುರಿ ಕಂಡರೆ ತಕ್ಷಣ ವೈದ್ಯರಿಗೆ ತಿಳಿಸಬೇಕು. ಐದು ವರ್ಷವಾದ ಮೇಲೂ ಮುಂದುವರಿಸಬೇಕೇ ಎಂದು ಅವರಲ್ಲೇ ಕೇಳುವುದು ಒಳ್ಳೆಯದು.