ಇಂಗ್ಲಿಷಿನ ಸಮಧ್ವನಿ ಪದಗಳು

ಕಿವಿಗೆ ಒಂದೇ ಆಗಿ ಕೇಳಿಸಿ, ಬರೆಯುವಾಗ ಅಕ್ಷರವೂ ಅರ್ಥವೂ ಬೇರೆಯಾಗುವ ಪದಗಳನ್ನು ಸಮಧ್ವನಿ ಪದಗಳೆನ್ನುತ್ತಾರೆ. ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂಥ ಊರುಗಳಲ್ಲಿ ಇವು ದಿನದ ಮಾತಿನಲ್ಲೇ ಇವೆ. ತೊಗರಿ ಚೀಲ ಕಾಟಾದ ಮೇಲೆ ಇಟ್ಟವರು ‘ವೇಟ್ ಎಷ್ಟ್ ಬಂತ್ರಿ?’ ಎನ್ನುತ್ತಾರೆ, ತೂಗುವವರು ‘ಜರಾ ವೇಟ್ ಮಾಡ್ರಿ’ ಎನ್ನುತ್ತಾರೆ. ಕನ್ನಡದಲ್ಲಿ ಬರೆದರೆ ಎರಡೂ ‘ವೇಟ್’. ಅದೇ ಮನೆಯ ಮಗು ಪರೀಕ್ಷೆಯಲ್ಲಿ ಒಂದಕ್ಕೆ ಡಬ್ಲ್ಯೂ-ಎ-ಐ-ಟಿ, ಇನ್ನೊಂದಕ್ಕೆ ಡಬ್ಲ್ಯೂ-ಇ-ಐ-ಜಿ-ಎಚ್-ಟಿ ಎಂದು ಬರೆಯಬೇಕು.

ಈ ಜಿ-ಎಚ್ ಸುಮ್ಮನೆ ಬಂದದ್ದಲ್ಲ. ತೂಕದ ‘ವೇಟ್’ ಹಳೆಯ ಇಂಗ್ಲಿಷ್ ಪದ. ಅದರೊಳಗೆ ಗಂಟಲಿನಿಂದ ಹೊರಡುವ ಒಂದು ಧ್ವನಿ ಇತ್ತು. ಕಾಯುವ ‘ವೇಟ್’ 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಫ್ರೆಂಚಿನಿಂದ ಬಂತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದ ಮೇಲೆ ಅಕ್ಷರಗಳು ಮೆಲ್ಲಗೆ ನೆಲೆ ನಿಂತವು, ಉಚ್ಚಾರ ಮಾತ್ರ ಬದಲಾಗುತ್ತಲೇ ಹೋಯಿತು. ಗಂಟಲ ಧ್ವನಿ ಅಳಿಯಿತು, ಅದರ ಗುರುತು ಉಳಿಯಿತು. ರಾತ್ರಿಯ ‘ನೈಟ್’ಗೂ ಯೋಧನ ‘ನೈಟ್’ಗೂ ಇದೇ ಕಥೆ, ಯೋಧನ ಪದದ ಮೊದಲ ‘ಕೆ’ಯನ್ನು ಒಂದು ಕಾಲಕ್ಕೆ ಬಾಯಿ ತುಂಬ ಉಚ್ಚರಿಸುತ್ತಿದ್ದರು.

ಕನ್ನಡವೂ ಈ ದಾರಿಯಲ್ಲಿ ನಡೆದಿದೆ. ಹಳಗನ್ನಡದಲ್ಲಿ ನೀರಿನ ‘ಕೆಱೆ’ ಬೇರೆ, ತುರಿಸುವ ‘ಕೆರೆ’ ಬೇರೆ. ಱ ಧ್ವನಿ ಮಾತಿನಿಂದ ಹೋದಾಗ ಕನ್ನಡಿಗರು ಅಕ್ಷರವನ್ನೂ ಬಿಟ್ಟರು. ಹೀಗಾಗಿ ‘ಕೆರಿ ತುಂಬ್ಯಾದ’ ಎಂಬ ಮಾತಿಗೂ ‘ತಲಿ ಕೆರಕೊಂಡ’ ಎಂಬ ಮಾತಿಗೂ ಇಂದು ಒಂದೇ ರಕಾರ ಸಾಕು. ಇಂಗ್ಲಿಷು ಹಳೆಯ ಅಕ್ಷರವನ್ನು ಬಿಡಲಿಲ್ಲ, ಅಷ್ಟೇ ವ್ಯತ್ಯಾಸ. ಇದನ್ನು ಮಕ್ಕಳಿಗೆ ಹೇಳಿಕೊಟ್ಟರೆ ಇಂಗ್ಲಿಷ್ ಸ್ಪೆಲಿಂಗಿನ ಬಗೆಗಿನ ಅರ್ಧ ಭಯ ಕಳೆಯುತ್ತದೆ.

ಇಂಗ್ಲಿಷರ ಬಾಯಲ್ಲಿ ಬೇರೆಯಾಗಿದ್ದು ನಮ್ಮ ಬಾಯಲ್ಲಿ ಒಂದಾಗುವ ಪದಗಳೂ ಇವೆ. ‘ವಿ’ಗೂ ‘ಡಬ್ಲ್ಯೂ’ಗೂ ಕನ್ನಡದಲ್ಲಿ ಇರುವುದು ಒಂದೇ ವಕಾರ. ಆದ್ದರಿಂದ ಒಳ ಅಂಗಿಯ ‘ವೆಸ್ಟ್’ಗೂ ಪಡುವಣದ ‘ವೆಸ್ಟ್’ಗೂ ಭೇದ ಕೇಳಿಸುವುದಿಲ್ಲ. ಬೆಲೆಗೂ ಬಹುಮಾನಕ್ಕೂ ‘ಪ್ರೈಸ್’ ಎನ್ನುವವರು ಬಹಳ. ಬಹುಮಾನದ ಪದ ಮುಗಿಯುವುದು ಜ಼ಡ್ ಧ್ವನಿಯಲ್ಲಿ. ಉರ್ದು ಮನೆಮಾತಿನ ಮಕ್ಕಳಿಗೆ ಈ ಧ್ವನಿ ಹುಟ್ಟಿನಿಂದಲೇ ಗೊತ್ತು. ಆಳಂದ ಭಾಗದ ತರಗತಿಗಳಲ್ಲಿ ಅಂಥ ಮಕ್ಕಳು ಪಕ್ಕದಲ್ಲೇ ಕೂತಿರುತ್ತಾರೆ. ಒಮ್ಮೆ ಅವರಿಂದ ‘ಜ಼ಮೀನ್’ ಅನ್ನಿಸಿ ಕೇಳಿಸಿದರೆ ಸಾಕು.

ಜೋಡಿಪದಗಳ ಪಟ್ಟಿ ಬಾಯಿಪಾಠ ಮಾಡಿಸುವುದು ಗೊಂದಲವನ್ನೇ ಗಟ್ಟಿ ಮಾಡುತ್ತದೆ. ಪದವನ್ನು ಅದರ ಬಳಗದ ಜೊತೆ ಕಲಿಸುವುದು ಲೇಸು. ‘ಇಲ್ಲಿ’ ಎಂಬರ್ಥದ ‘ಹಿಯರ್’ನ ನಾಲ್ಕೂ ಅಕ್ಷರಗಳು ‘ಅಲ್ಲಿ’, ‘ಎಲ್ಲಿ’ ಎಂಬರ್ಥದ ‘ದೇರ್’, ‘ವೇರ್’ಗಳ ಒಳಗಿವೆ. ಕೇಳಿಸಿಕೊಳ್ಳುವ ‘ಹಿಯರ್’ನ ಕೊನೆಯ ಮೂರು ಅಕ್ಷರ ಕಿವಿಯ ‘ಇಯರ್’. ತೂಕದ ‘ವೇಟ್’, ತೂಗುವ ‘ವೇ’ಯ ಜಿ-ಎಚ್ ಅನ್ನೇ ಹೊತ್ತಿದೆ.

ಪೇಟೆಯ ಬೋರ್ಡುಗಳಲ್ಲಿ ಹೆಚ್ಚು ತಪ್ಪುವ ಪದ ‘ಸ್ಟೇಷನರಿ’. ಮಧ್ಯಯುಗದ ಯುರೋಪಿನಲ್ಲಿ ಊರೂರು ತಿರುಗದೆ ಒಂದೇ ಕಡೆ ಅಂಗಡಿ ಇಟ್ಟ ಪುಸ್ತಕ ವ್ಯಾಪಾರಿ ‘ಸ್ಟೇಷನರ್’. ಅವನು ಮಾರಿದ ಸಾಮಾನು ‘ಸ್ಟೇಷನರಿ’. ನಿಂತಲ್ಲೇ ನಿಂತದ್ದು ಎಂಬ ಅರ್ಥದ ಪದಕ್ಕೆ ಕೊನೆಯಲ್ಲಿ ಎ-ಆರ್-ವೈ. ನೋಟುಬುಕ್ಕು, ಪೆನ್ನು ಮಾರುವ ಅಂಗಡಿಯ ಬೋರ್ಡಿಗೆ ಇ-ಆರ್-ವೈ. ‘ಪೇಪರ್’ ಪದದ ಕೊನೆಯಲ್ಲಿರುವುದೂ ಅದೇ ಇ-ಆರ್.